ಗಾಳಿಕಿಂಡಿಯ ಮೇಲಿನ ಡಬ್ಬಿ

ಕಾರ್ಖಾನೆಯೆದುರಿನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಅಪ್ಪ, ಮಗಳು ಕೂತಿದ್ದರು. ಇಬ್ಬರ ಕೊರಳಲ್ಲೂ ಅದೇ ಕಾರ್ಖಾನೆಯ ಕಾರ್ಡು, ಅಪ್ಪನ ತೊಡೆಯ ಮೇಲೆ ಊಟದ ಡಬ್ಬಿ. ಕಿವಿಗೆ ಮುಚ್ಚಳವಿಲ್ಲವಲ್ಲ, ಕೇಳಿಸಿತು.

“ಊಟಕ್ಕೆ ಮುಂಚೆ ನನ್ನ ಯಂತ್ರದಲ್ಲಿ ಮಾಡಿದ ಕಬ್ಬಿಣದ ತುಂಡುಗಳೇ ಯಾಕೆ ಕೆಡ್ತಿದ್ವು ಅಂತ ನಿನ್ನ ಕಂಪ್ಯೂಟರು ಹೇಳ್ತಾ?”

“ಹೇಳ್ತಪ್ಪ. ಮೋಟರಿನ ಗಾಳಿಕಿಂಡಿ ಮುಚ್ಚಿದ್ರೆ ಬಿಸಿ ಎಲ್ಲಿ ಏರುತ್ತೆ ಅಂತ ಅದರಲ್ಲಿ ನೋಡ್ದೆ. ಯಂತ್ರ ಹಿಗ್ಗಿ, ಅದು ಕೊರೆಯೋ ತೂತು ಕೂದಲೆಳೆಯಷ್ಟು ಪಕ್ಕಕ್ಕೆ ಹೋಯ್ತು. ಕೆಟ್ಟ ತುಂಡಲ್ಲೂ ಅಷ್ಟೇ ಹೋಗಿತ್ತು.”

“ಆ ಕಿಂಡಿ ಮೇಲೆ ಡಬ್ಬಿ ಇಡ್ತಿದ್ದೋನು ನಾನು. ಊಟ ಬೆಚ್ಚಗಿರ್ಲಿ ಅಂತ.”

“ಗೊತ್ತು.”

“ಗೊತ್ತಿದ್ದೂ ಮೀಟಿಂಗಲ್ಲಿ ಕಿಂಡಿಗೆ ಧೂಳು ಕಟ್ಟಿದೆ ಅಂದ್ಯಾ?”

“ಅಷ್ಟು ಜನರ ಮುಂದೆ ನಿನ್ನ ಹೆಸರು ಹೇಗಪ್ಪ ಹೇಳ್ಲಿ?”

“ಮ್ಯಾನೇಜರು ಗುಡಿಸೋ ಹೆಂಗಸಿಗೆ ಬಾಯಿಗೆ ಬಂದ ಹಾಗೆ ಬೈದ್ರು. ಅವಳು ಸೀದಾ ನನ್ನ ಹತ್ರ ಬಂದು, ‘ಅಣ್ಣ, ಆ ಕಿಂಡಿ ದಿನಾ ಒರೆಸ್ತೀನಲ್ಲ, ನೀವೇ ನೋಡಿಲ್ವಾ?’ ಅಂದ್ಲು.”

“ನೀನೇನಂದೆ?”

“ತಲೆ ತಗ್ಗಿಸ್ಕೊಂಡು ಊಟ ಮಾಡ್ದೆ.”

ಬಸ್ಸು ಬಂತು. ಅಪ್ಪ ಎದ್ದು ಕಾರ್ಖಾನೆಯ ಗೇಟಿನ ಕಡೆ ತಿರುಗಿದರು.

“ನೀನು ಹತ್ತಮ್ಮ. ಮ್ಯಾನೇಜರೂ ಅವಳೂ ಇನ್ನೂ ಒಳಗೇ ಇದಾರೆ. ಡಬ್ಬಿ ನಂದು ಅಂತ ಇಬ್ಬರಿಗೂ ಹೇಳಿ ಬರ್ತೀನಿ.”

ಮಗಳು ಬಸ್ಸಿನ ಮೆಟ್ಟಿಲ ಮೇಲೆ ಇಟ್ಟಿದ್ದ ಕಾಲನ್ನು ಕೆಳಗಿಳಿಸಿದಳು.

“ಡಬ್ಬಿ ನಿಂದಿರಬಹುದಪ್ಪ. ಧೂಳು ನಂದು,” ಎನ್ನುತ್ತ ಅವರ ಹಿಂದೆಯೇ ನಡೆದಳು.