ಬಾನಿಯ ರುಚಿ ನೋಡಿದ ನಾಲಿಗೆ

ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ. ನೂಲಿಗೆ ನೀಲಿ ಬಣ್ಣ ಹಾಕಿಸಿ ನೇಕಾರರಿಗೆ ಮಾರುವುದು ಅವನ ಕಸುಬು. ಮುಂದೆ ದೊಡ್ಡ ಮನೆ, ಹಿತ್ತಲಲ್ಲಿ ಬಣ್ಣದ ಬಾನಿಗಳು. ಆ ಬಾನಿಗಳನ್ನು ನೋಡಿಕೊಳ್ಳಲು ನಲವತ್ತು ವರ್ಷದಿಂದ ಒಬ್ಬ ಮುದುಕಿ. ಬಾನಿ ಹದಕ್ಕೆ ಬಂತೋ ಇಲ್ಲವೋ ಅಂತ ಅವಳು ಹೇಗೆ ತಿಳಿಯುತ್ತಿದ್ದಳು, ಗೊತ್ತೇ? ಬೆರಳದ್ದಿ ಒಂದು ಹನಿ ನಾಲಿಗೆಗೆ ಇಟ್ಟುಕೊಳ್ಳುತ್ತಿದ್ದಳು. ಸುಣ್ಣ ಹೆಚ್ಚಾದರೆ ಚುರ್ ಅನ್ನುತ್ತದೆ, ಕಡಿಮೆಯಾದರೆ ಸಪ್ಪೆ. ಉಗುಳಿ, ಬಾಯಿ ಮುಕ್ಕಳಿಸಿ, "ಇನ್ನ ಒಂದೀಟು ಸುಣ್ಣ ಬೇಕು" ಅನ್ನುವಳು. ಅವಳ ಅವ್ವ ಕಲಿಸಿದ ವಿದ್ಯೆ ಅದು. ಒಂದು ದಿನವೂ ತಪ್ಪಿದ್ದಿಲ್ಲ.

ಆ ಮನೆಗೆ ಒಬ್ಬ ಸೊಸೆ ಬಂದಳು. ರಸಾಯನಶಾಸ್ತ್ರ ಓದಿದವಳು, ಬಂಗಾರದ ಪದಕ ತಂದವಳು. ಮಾವನಿಗೆ ಹೆಮ್ಮೆಯೋ ಹೆಮ್ಮೆ. ಒಂದು ದಿನ ಅವಳು ಹಿತ್ತಲ ಕಡೆ ಹೊರಟರೆ ಅವನು ತಡೆದ. "ಅಲ್ಲೇನೈತಿ ನಿನಗ? ಇಷ್ಟು ಓದಿದಾಕಿ ಬಣ್ಣದ ರಾಡಿ ತುಳೀತಿಯೇನು?" ಅಂದ. ಅವಳು ಹೊಸ್ತಿಲಲ್ಲೇ ನಿಂತಳು. ನೋಡಿ, ಮಾವನ ತಪ್ಪು ಅರ್ಧ ಮಾತ್ರ. ಹಾಗೆ ನಿಲ್ಲುವುದು ಅವಳಿಗೂ ಹಿತವಾಗಿಯೇ ಇತ್ತು.

ಒಮ್ಮೆ ಸಾಹುಕಾರ, ಕೆಲಸ ಬೇಗ ಆಗಲಿ ಅಂತ, ಸುಣ್ಣದ ಬದಲು ಕಾಸ್ಟಿಕ್ ಸೋಡಾ ತರಿಸಿದ. ಡಬ್ಬಿಗಳು ಪಡಸಾಲೆ ಹಾದೇ ಹಿತ್ತಲಿಗೆ ಹೋದವು. ಮೈಗೆ ತಾಗಬಾರದು, ಬಾಯಿಗೆ ಸೋಕಬಾರದು ಅಂತ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದಿತ್ತು. ಸೊಸೆ ಓದಿದಳು. ಓದಿ ಒಳಗೆ ಹೋದಳು. ಮುದುಕಿಯೂ ನೋಡಿದಳು. ಅವಳಿಗೆ ಅವು ಬರೀ ಕಪ್ಪು ಗೆರೆ. ನಾನೂ ಬಹಳ ವರ್ಷ ಅಕ್ಷರಗಳನ್ನು ಹಾಗೆಯೇ ನೋಡಿದವಳು.

ಮುದುಕಿ ತೆಂಗಿನ ಚಿಪ್ಪಿನಲ್ಲಿ ಸೋಡಾ ತೋಡಿ, ಸುಣ್ಣದ ಅಳತೆಯಲ್ಲೇ ಹಾಕಿದಳು. ಕೋಲಿನಿಂದ ಕದಡಿದಳು. ಬೆರಳದ್ದಿದಳು. ನಾಲಿಗೆಗೆ ಇಟ್ಟುಕೊಂಡಳು.

ಆ ಕೂಗು ಮುಂದಿನ ದೊಡ್ಡ ಮನೆಗೂ ಕೇಳಿಸಿತು.

ಹತ್ತು ದಿನ ಅವಳಿಗೆ ಗಂಜಿ ನುಂಗುವುದೇ ಕಷ್ಟವಾಯಿತು. ಸಾಹುಕಾರ ಹೇಳಿಕಳಿಸಿದ: "ನಾಲಿಗೆ ಹೋದ ಮ್ಯಾಲ ಬಾನಿ ಹದ ಹ್ಯಾಂಗ ನೋಡತಾಳ? ಬ್ಯಾರೆಯವರನ್ನ ಹುಡುಕತೀನಿ." ನಲವತ್ತು ವರ್ಷದ ಕೆಲಸ ಒಂದು ಮಾತಿಗೆ ಹೋಯಿತು. ಅವತ್ತು ಸೊಸೆ ಮೊದಲ ಸಲ ಮುದುಕಿಯ ಗುಡಿಸಲಿಗೆ ಹೋಗಿ ಕೂತಳು. ಮುದುಕಿ ಬಯ್ಯಲಿಲ್ಲ. ತೊದಲುತ್ತಾ ಕೇಳಿದಳು:

"ಯವ್ವಾ, ಡಬ್ಬಿ ಮ್ಯಾಲ ಬರದದ್ದು ನಿನಗ ಓದಾಕ ಬರತಿತ್ತೇನು?"

"ಬರತಿತ್ತು, ಆಯಿ."

"ಮತ್ತ ಯಾಕ ಹೇಳಲಿಲ್ಲ?"

ಈ ಪ್ರಶ್ನೆಗೆ ಯಾವ ಪದಕ ಉತ್ತರ ಕೊಡುತ್ತದೆ, ಹೇಳಿ?

ಮರುದಿನ ಸೊಸೆ ಮುದುಕಿಯ ಕೈ ಹಿಡಿದು ಹಿತ್ತಲಿಗೆ ಕರೆತಂದಳು. ಕ್ಷಾರ ಎಷ್ಟಿದೆ ಎಂದು ಬಣ್ಣ ಬದಲಿಸಿ ತೋರಿಸುವ ಕಾಗದದ ಚೂರನ್ನು ಬಾನಿಯಲ್ಲಿ ಅದ್ದಿದಳು. ಮುದುಕಿ ನಕ್ಕುಬಿಟ್ಟಳು. "ಅಯ್ಯ, ಇಷ್ಟ ಸಣ್ಣ ಚೀಟಿಗೆ ನನ್ನ ನಾಲಿಗಿ ಕೆಲಸ ಬರತೈತೇನು! ಆದ್ರ ಬಾನಿ ನೊರಿ ನೋಡಿ ಹದ ಹೇಳೂದು ಈ ಚೀಟಿಗೆ ಬರೂದಿಲ್ಲ, ಬಾ, ಕಲಿಸ್ತೀನಿ." ಸೊಸೆ ಸೆರಗು ಕಟ್ಟಿ ಕೂತಳು. ಸಂಜೆ ಮಾವ ಅವಳ ನೀಲಿ ಕೈ ನೋಡಿ, "ಏನಿದು ಅವತಾರ?" ಅಂದ. "ಓದಿದ್ದು ಈಗ ಕೈಗೆ ಹತ್ತೇತಿ, ಮಾವ. ಸೋಡಾ ಬಾನಿ ಹದ ಯಾರ ನಾಲಿಗೀಗೂ ಸಿಗೂದಿಲ್ಲ, ಈ ಚೀಟಿ ಬೇಕು. ಆಯೀನ ಬಿಡಿಸಿದ್ರ ಚೀಟಿ ಹಿಡಿಯಾಕ ನಾನೂ ಬರೂದಿಲ್ಲ" ಅಂದಳು. ಮುದುಕಿಯ ಕೆಲಸ ಉಳಿಯಿತು.

ಉಪ್ಪು, ಬೆಲ್ಲ, ಹುಳಿ ಮಾತ್ರ ಆ ಮುದುಕಿಗೆ ಮತ್ತೆ ಗೊತ್ತಾಗಲಿಲ್ಲ. ಸಾಯುವವರೆಗೂ ಗೊತ್ತಾಗಲಿಲ್ಲ.

ತಾಯಂದಿರೇ, ಅಣ್ಣಂದಿರೇ, ನಮ್ಮ ಓದು ಎಚ್ಚರವಾಗಲು ಇನ್ನೊಬ್ಬರ ನಾಲಿಗೆ ಸುಡಬೇಕೇ? ಓದಿದ್ದು ದುಡಿಯುವ ಕೈಯನ್ನು ಕಾಯದಿದ್ದರೆ ಅದು ಯಾತರ ಓದು? ದುಡಿಯುವವರ ಹತ್ತಿರ ಕೂತು ಕಲಿಯದಿದ್ದರೆ ಅದು ಎಷ್ಟರ ಓದು?

ಇವತ್ತು ಮನೆಗೆ ಹೋದವರು ನೇರ ಒಳಗೆ ಹೋಗಬೇಡಿ, ಹಿತ್ತಲಿಗೆ ಹೋಗಿ. ಬಚ್ಚಲು ತೊಳೆಯುವವಳ ಕೈಯಲ್ಲಿರುವ ಬಾಟಲಿ, ಹುಳ ಸಾಯಲೆಂದು ಹೊಲಕ್ಕೆ ಹೊಡೆಯುವ ಎಣ್ಣೆಯ ಡಬ್ಬಿ, ಕೂಲಿಯವನ ಜೇಬಿನ ಗುಳಿಗೆ ಚೀಟಿ, ಎಲ್ಲವನ್ನೂ ತೆಗೆದುಕೊಂಡು ಅವರೆದುರು ಗಟ್ಟಿಯಾಗಿ ಓದಿ ಹೇಳಿ. ಆಮೇಲೆ ಅವರ ಕೆಲಸ ಹೇಗೆ ಅಂತ ಕೇಳಿ, ಕಲಿಯಿರಿ. ಅವರಾಗಿ ಕೇಳಲಿಲ್ಲವಲ್ಲ ಅಂತ ಸುಮ್ಮನಿರಬೇಡಿ. ಓದಲು ಬಾರದವರಿಗೆ ಏನನ್ನು ಕೇಳಬೇಕು ಅನ್ನುವುದೇ ತಿಳಿದಿರುವುದಿಲ್ಲ.