ಮೂರೂರ ಮುದ್ದಮ್ಮ

...ನಗ್ಬ್ಯಾಡ ಕಣವ್ವ ಮಂಜುಶ್ರೀ. ಚಿಕ್ಕರಸಿನಕೆರೆಯೋನೊಬ್ಬ ಅಂಗೇ ಕೇಳ್ದ. ಸಂತೇಲಿ ಅಡ್ಡ ಹಾಕ್ಕಂಡು, “ಏನ್ ಕೆಂಪಸಿದ್ದಯ್ಯ, ನಿನ್ ಹೆಂಡ್ತಿ ನಮ್ಮೂರಲ್ಲೂ ಕುರಿ ಮಡಗವ್ಳಂತೆ?” ಅಂತ.

ನಿಮ್ಮ ಕುರಿ ಸಂಘದ ಕಂಪ್ಯೂಟರ್ ಮಹಿಮೆ! ಚಿಕ್ಕರಸಿನಕೆರೆ ರಿಪೋರ್ಟಲ್ಲೂ ತಲೆ ಮೇಲೆ ‘ಮುದ್ದಮ್ಮ, ಬಂಡೂರು’. ವೈದ್ಯನಾಥಪುರದ್ರಲ್ಲೂ ಅವಳೇ! ಬದುಕಿದ್ದಾಗ ಬಸ್ ಹತ್ತುದ್ರೆ ತಲೆಸುತ್ತು ಅಂತಿದ್ಲು. ಸತ್ಮೇಲೆ ಊರೂರು ತಿರುಗ್ತಾವ್ಳೆ ನೋಡು...

ಏನಂದೆ? ಟೆಂಪ್ಲೇಟಾ? ಒಂದ್ಸಲ ಮಾಡ್ಕಂಡು ಎಲ್ಲಾ ಊರ ಫೈಲಿಗೂ ಅದ್ನೇ ಹಾಕ್ದಾ?

ಓ... ಅಚ್ಚು ಅನ್ನು ಮತ್ತೆ! ಆಲೆಮನೇಲಿ ಬೆಲ್ಲ ಹುಯ್ದೋನಿಗೆ ಹೇಳ್ಕೊಡ್ತೀಯಲ್ಲ. ಯಾರ ಕಬ್ಬಾದ್ರೇನು, ಅಚ್ಚು ಅದೇ. ಅಚ್ಚಲ್ಲೊಂದು ಗೀಟು ಬಿದ್ದಿದ್ರೆ ಎಲ್ಲರ ಬೆಲ್ಲದ ಮೇಲೂ ಅದೇ ಗೀಟು. ಆ ಗೀಟು ನಮ್ಮೋಳು!

ಅವಳೇನ್ ಕಮ್ಮಿಯಾ. ನೀನು ಬಂಡೂರು ಫೈಲ್ ಇಟ್ಕಂಡು ಅಚ್ಚು ಮಾಡೋವಾಗ ಪಕ್ಕದಲ್ಲೇ ಕುಂತು, “ನನ್ ಹೆಸ್ರು ದಪ್ಪುಕ್ಕೆ ಬರಿ ಮಗ” ಅಂದ್ಲಲ್ಲ. ನೀನೂ ಕೈಯಾರೆ ಕುಟ್ಬುಟ್ಟೆ. ಊರು ಬದಲಾದ್ರೂ ಆವಮ್ಮ ಜಾಗ ಬುಡ್ಲಿಲ್ಲ.

ಹೂಂ, ಅಳ್ಸು. ಅದ್ಕೇ ಬಂದಿದ್ದು.

ಈಗ್ಲೇನಾ? ಟೀ ಕುಡ್ದು ಅಳ್ಸುದ್ರೆ ಕಂಪ್ಯೂಟ್ರು ಮುನಿಸ್ಕತದಾ? ಕುಡಿ. ಆರೋಯ್ತದೆ.

ಏನು? ಅಚ್ಚಲ್ಲಿ ತೆಗುದ್ರೂ ಬಂಡೂರು ಫೈಲಲ್ಲಿ ಅವಳ ಹೆಸ್ರು ಇರ್ತದಾ? ಆ ಊರ್ದು ಪ್ರಿಂಟ್ ಕೊಟ್ರೆ ತಾನಾಗೇ ಬಂದು ಕೂರ್ತದಾ?

ಅಂಗಾ...

ಇರ್ತದೆ ಬುಡು. ಇಲ್ದೆ ಎಲ್ಲಿಗೋಯ್ತದೆ. ಕುರಿ ಅವೆಯಲ್ಲ. ಮೇಯ್ತಾವೆ, ಚೆಂದಾಗವೆ... ಫೈಲ್ ತೆಗೆದು ನೋಡೋದೇನ್ ಬ್ಯಾಡ. ನನ್ ಮಾತ್ ಮೇಲೆ ನಂಬ್ಕೆ ಇಲ್ವಾ? ಅಯ್, ಬ್ಯಾಡ ಅಂದ್ನಲ್ಲ ಮಗ, ಯಾಕ್ ತೆಗೀತೀಯೆ ಅದ್ನ...

...

ಸಿಗ್ಲಿಲ್ವಾ?

ಮ್ಯಾಕೆ ಕೆಳಕೆ ಹುಡುಕ್ಬ್ಯಾಡ. ಇಲ್ಲ ಅಲ್ಲಿ.

ಕುರಿ ಮಾರ್ಬುಟ್ಟೆ ಕಣವ್ವ. ಅವಳ ತಿಥಿ ಮುಗೀತಿದ್ದಂಗೇ. ಬೈಗಾದ್ರೆ ಬಾಗ್ಲು ಕಡೆ ಮಕ ಮಾಡ್ಕಂಡು ಅರಚೋವು. ನಾನು ಸೊಪ್ಪು ಹಾಕುದ್ರೆ ಮೂಸಿ ನೋಡಿ ಮಕ ತಿರುಗುಸ್ಕಳೋವು. ಅವುಕ್ಕೆ ಏನಂತ ಹೇಳಾದು... ಕುರಿ ಇಲ್ಲ ಅಂದ್ಮೇಲೆ ನಿಮ್ಮ ಸೆಕ್ರೆಟ್ರಿ ಮಹದೇವು ಫೈಲಿಂದ ಹೆಸ್ರು ತೆಗ್ದವ್ನೆ. ಸರಿಯಾಗೇ ಮಾಡವ್ನೆ.

ಉಳ್ದಿದ್ದು ನಿನ್ನ ಗೀಟೊಂದೇ.

ಅಯ್, ಅದ್ಯಾಕೆ ಮೌಸಿಂದ ಕೈ ತೆಗ್ದೆ? ಆಗ್ಲಿಂದ ನಗ್ತಿದ್ದೆ, ನಗು... ಟೀ ನೋಡು, ಆರೋಯ್ತು.

ಅಳ್ಸು. ಬ್ಯಾರೆ ಊರೋರಿಗೆ ಯಾಕೆ ತೊಂದ್ರೆ.

ತಡಿ ತಡಿ! ಅದುಕ್ಕೆ ಮುಂಚೆ ಒಂದು ಹಾಳೆ ಪ್ರಿಂಟು ತಗ್ದು ಕೊಟ್ಬುಡು.

ಯಾವೂರ್ದು ಅಂತ ನನ್ನ ಮಕ ಏನ್ ನೋಡ್ತೀಯೆ? ಯಾವೂರ್ದಾದ್ರೂ ಆಯ್ತದೆ. ಅಚ್ಚು ಒಂದೇ ಅಲ್ವಾ.