ಪೀರಮ್ಮನ ಹೆಬ್ಬೆಟ್ಟು

ಸಿಂಧನೂರಿನಿಂದ ಹೊರಟ ಕೊನೆಯ ಬಸ್ಸು ಪಾಮನಕಲ್ಲೂರು ದಾಟಿ, ಕ್ರಾಸಿನಲ್ಲಿ ಭೀಮೇಶನನ್ನು ಇಳಿಸಿ ಹೋದಾಗ ರಾತ್ರಿ ಹತ್ತೂವರೆ. ಊರು ಇನ್ನೂ ಒಂದು ಮೈಲು. ದಾರಿಯಲ್ಲಿ ಹಳ್ಳ, ಹಳ್ಳದ ದಂಡೆಗೆ ಹಾಳುಬಾವಿ.

ಚೀಲದಲ್ಲಿ ಕಾಲೇಜು ಆ ದಿನ ಕೊಟ್ಟ ಮೊದಲ ಬಹುಮಾನದ ಫಲಕವಿತ್ತು. 'ಹಳ್ಳದ ಪ್ರವಾಹ: ಮುಂಜಾಗ್ರತಾ ಯೋಜನೆ.' ವಿಷಯ ಬಹಳ ಸಕಾಲಿಕ ಎಂದು ಮೇಷ್ಟ್ರು ಹೊಗಳಿದ್ದರು. ಸಕಾಲಿಕವೇ... ಮೂರು ತಿಂಗಳ ಹಿಂದೆ ಅದೇ ಹಳ್ಳ ಉಕ್ಕಿ ಪೀರಮ್ಮ ಎಂಬ ಮುದುಕಿಯನ್ನು ಒಯ್ದಿತ್ತು. ಹೆಣ ಸಿಕ್ಕಿದ್ದು ಈ ಬಾವಿಯಲ್ಲಿ.

ಯೋಜನೆ ತಯಾರಾದದ್ದು ಅದಕ್ಕೂ ಮುಂಚೆ, ಬೇಸಿಗೆಯಲ್ಲಿ. ಹಳ್ಳದ ಓಣಿಯ ನಲವತ್ತು ಮನೆಗೂ ಹೋಗಿ, ನೀರು ನುಗ್ಗುತ್ತದೆಯೇ ಎಂದು ಕೇಳಿ, ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕಿತ್ತು. ಬಿಸಿಲು ಜೋರಿತ್ತು. ಭೀಮೇಶನೂ ಗೆಳೆಯ ನಾಸೀರನೂ ಹಾಸ್ಟೆಲಿನ ಫ್ಯಾನಿನ ಕೆಳಗೆ ಕುಳಿತೇ ಎಲ್ಲರನ್ನೂ ಕೇಳಿದರು.

"ಹೌದು ಅಂತ ಬರದ್ರ ಇನ್ನ ಮೂರು ಪ್ರಶ್ನಿ ತುಂಬಬೇಕಾಕ್ಕೈತಿ ಲೇ," ಎಂದ ನಾಸೀರ್. "ಇಲ್ಲ ಅಂತ ಬರಿ."

ನಲವತ್ತು 'ಇಲ್ಲ' ಬಿದ್ದವು. ಇಬ್ಬರ ಕೈಕಾಲಿನ ಬೆರಳು ಸೇರಿ ನಲವತ್ತೇ ಆದದ್ದು ಪುಣ್ಯ. ಪಟ್ಟಿಯಲ್ಲಿ ಮೊದಲು ಪೀರಮ್ಮ. ಆಕೆಗೆ ಭೀಮೇಶನ ಬಲಗೈ ಹೆಬ್ಬೆರಳೇ ಸಿಕ್ಕಿತು. ಕಡೆಯ ಮನೆಗೆ ನಾಸೀರನ ಕಾಲಿನ ಕಿರುಬೆರಳು. ಪಟ್ಟಿ ತಾಲೂಕು ಕಚೇರಿಗೂ ಹೋಯಿತು; ನೀರೇ ಬರದ ಓಣಿಯನ್ನು ದಿಬ್ಬಕ್ಕೆ ಸಾಗಿಸುವುದೇಕೆ ಎಂದು ಅಲ್ಲಿನವರು ಕಡತ ಮುಚ್ಚಿದರು.

ಬಾವಿ ಹತ್ತಿರವಾಯಿತು.

ಕಿರ್ರ್... ಕಿರ್ರ್... ನೀರು ಸೇದುವ ಗಡಗಡಿ ತಿರುಗುವ ಸದ್ದು. ಆ ಬಾವಿಗೆ ಗಡಗಡಿ ಇಲ್ಲದೆ ವರ್ಷಗಳಾಗಿದ್ದವು. ಆಮೇಲೆ ಬೆನ್ನ ಹಿಂದೆ, ಚಪ್... ಚಪ್... ಒದ್ದೆ ಕಾಲು.

"ಭೀಮೇಶಾ," ಪೀರಮ್ಮನದೇ ದನಿ, ಪಿಸುಮಾತಿನಲ್ಲಿ. "ನಮ್ಮನಿಗೆ ನೀ ಬರಲೇ ಇಲ್ಲಲ್ಲಪಾ."

"ಬಿಸಲು... ಭಾಳ ಇತ್ತು, ಆಯಿ."

"ಹೌದ್ಹೌದು. ಓದೋ ಹುಡುಗ, ನೆಳ್ಳಾಗ ಇರಬೇಕು. ಈಗ ತಂಪೈತಿ, ಕೇಳು."

ಕೇಳಲೇಬೇಕಾಯಿತು. "ಮನಿಗೆ... ನೀರು ಬರ್ತಾವೇನು ಆಯಿ?"

"ಬರ್ತಾವ. ಎದಿಮಟ." ಹಲ್ಲು ಕಟಕಟ ಎಂದವು. ಯಾರವೆಂದು ಅವನಿಗೆ ತಿಳಿಯಲಿಲ್ಲ. "ನನ್ನ ಹೆಬ್ಬಟ್ಟು ಕೊಟ್ಟುಬಿಡು, ಹೋಗ್ತೀನಿ."

"ಅದು ನಂದು ಆಯಿ..."

"ಕಾಗದದಾಗ ನಂದಂತ ಬರದೀಯಲ್ಲ."

ತಣ್ಣನೆಯ ಕೈಯೊಂದು ಅವನ ಹೆಬ್ಬೆರಳನ್ನು ಹಿಡಿಯಿತು... ಬಿಟ್ಟಿತು. ಭೀಮೇಶ ಮನೆ ಮುಟ್ಟಿದ್ದು ಹೇಗೆಂದು ಅವನಿಗೇ ಗೊತ್ತಿಲ್ಲ. ಬೆರಳು ಜಾಗದಲ್ಲೇ ಇತ್ತು.

ಮರುವಾರ ರೇಷನ್ ಅಂಗಡಿಯಲ್ಲಿ ಆ ಹೆಬ್ಬೆರಳನ್ನು ಯಂತ್ರದ ಮೇಲಿಟ್ಟ. ಟುಂಯ್ ಎಂದಿತು. ಅಂಗಡಿಯ ಶಿವಶರಣಪ್ಪ ಚೀಟಿ ಹರಿದು, ಓದಿ, ಇನ್ನೊಮ್ಮೆ ಓದಿದರು.

"ಪೀರಮ್ಮನ ಹೆಸರು ಬಂದೈತಲ್ಲೋ."

"ಆಕಿ ಸತ್ತಾಳಲ್ರೀ..."

"ಯಂತ್ರ ಒಪ್ಪೈತಿ. ಇಲ್ಲ ಅನ್ನಾಕ ನಾ ಯಾರು? ಅಕ್ಕಿ ತಗೊಂಡು ನಡಿ."

ಆ ಅಕ್ಕಿಯನ್ನು ಮನೆಯಲ್ಲಿ ಯಾರೂ ಬೇಯಿಸಲಿಲ್ಲ. ಉಳಿದ ಒಂಬತ್ತು ಬೆರಳುಗಳನ್ನು ಅವನು ಇನ್ನೂ ಇಟ್ಟು ನೋಡಿಲ್ಲ.

ಕಟ್ಟಿ ಹೇಳಿದ ಮಾತಲ್ಲ ಇದು. ಚೀಟಿಯನ್ನು ಅವರ ಮನೆಯ ಗೋಡೆಯ ಮೊಳೆಗೆ ಸಿಕ್ಕಿಸಿದ್ದಾರೆ, ಹೋದವರು ನೋಡಬಹುದು. ಅದರ ಒಂದು ಮೂಲೆಯ ಒದ್ದೆ ಇವತ್ತಿಗೂ ಆರಿಲ್ಲ.